ಡಿಸ್ಕಸ್ ತರುವ ಮುಂಚೆ ಕೊಡದ ಲೆಕ್ಕ

ಈ ಅಂಕಣಕ್ಕೆ ಬರುವ ಮೆಸೇಜುಗಳಲ್ಲಿ ಒಂದು ಪ್ರಶ್ನೆ ತಿಂಗಳಿಗೆ ಒಮ್ಮೆಯಾದರೂ ಇದ್ದೇ ಇರ್ತದೆ. "ಅಣ್ಣಾ, ಮನ್ಯಾಗ ಎರಡು ವರ್ಷದಿಂದ ಅಕ್ವೇರಿಯಂ ಐತಿ. ಗಪ್ಪಿ ಆತು, ಏಂಜಲ್ ಆತು. ಈಗ ಡಿಸ್ಕಸ್ ಇಡಬೇಕು ಅನಸ್ತೈತಿ. ನಮ್ಮ ಕಡೆ ನಡೀತೈತೇನು?" ಚಿಕ್ಕೋಡಿಯಿಂದ, ನಿಪ್ಪಾಣಿಯಿಂದ, ರಾಯಬಾಗದಿಂದ ಕೇಳ್ತಾರೆ. ಅಥಣಿ, ಕಾಗವಾಡದವರು ಒಂದು ಸಾಲು ಹೆಚ್ಚು ಸೇರಿಸ್ತಾರೆ: "ನಮ್ದು ಬೋರ್ ನೀರು."

ಆ ಕೊನೆಯ ಸಾಲಿನಲ್ಲೇ ಅರ್ಧ ಉತ್ತರ ಇದೆ. ಉಳಿದರ್ಧ ಮನೆಯವರನ್ನು ಕೇಳಿದರೆ ಗೊತ್ತಾಗ್ತದೆ. ಕಳೆದ ಆರು ತಿಂಗಳಿಂದ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಸುತ್ತುತ್ತಿತ್ತು. ಹಾಗಾಗಿ ಈ ಸಲ ಬೇರೆಯವರಿಗೆ ಉತ್ತರ ಬರೆಯುವ ಬದಲು ನಾನು ಹಾಕಿದ ಲೆಕ್ಕವನ್ನೇ ನಿಮ್ಮ ಮುಂದೆ ಇಡ್ತೇನೆ. ನಿಮ್ಮ ಮನೆಯ ಅಂಕಿ ಹಾಕಿ ನೋಡಿಕೊಳ್ಳಿ.

ಇಷ್ಟೊಂದು ಆಸೆ ಯಾಕೆ ಹುಟ್ತದೆ

ಡಿಸ್ಕಸ್ ನೋಡಿದವರಿಗೆ ಇದನ್ನ ಹೇಳಬೇಕಿಲ್ಲ. ಊಟದ ತಾಟಿನ ಹಾಗೆ ದುಂಡಗೆ, ಚಪ್ಪಟೆ. ಬೆಳೆದದ್ದು ಅಂಗೈಗಿಂತ ದೊಡ್ಡದು. ಕೆಂಪು, ನೀಲಿ, ಅರಿಶಿನ ಬಣ್ಣ. ಗಪ್ಪಿಯಂತೆ ಓಡಾಡೋದಿಲ್ಲ. ನಿಧಾನಕ್ಕೆ ಗಾಜಿನ ಹತ್ತಿರ ಬಂದು ನಿಂತು ನಿಮ್ಮನ್ನೇ ನೋಡ್ತದೆ. ದಿನಾ ಊಟ ಹಾಕುವವರ ಗುರುತು ಹಿಡಿಯುತ್ತದೆ.

ಊರು ದಕ್ಷಿಣ ಅಮೆರಿಕದ ಅಮೆಜಾನ್ ಕೊಳ್ಳ. 1840ರಲ್ಲಿ ಹೆಕೆಲ್ ಎಂಬ ಆಸ್ಟ್ರಿಯಾದ ವಿಜ್ಞಾನಿ ಇದಕ್ಕೆ ಸಿಂಫಿಸೊಡಾನ್ ಡಿಸ್ಕಸ್ ಅಂತ ಹೆಸರಿಟ್ಟ. ಅಲ್ಲಿ ಇದು ಹರಿಯುವ ನಡುಹೊಳೆಯಲ್ಲಿ ಇರೋದಿಲ್ಲ. ದಂಡೆಯ ಪಕ್ಕ, ಮುಳುಗಿದ ಮರದ ಕೊಂಬೆಗಳ ಸಂದಿಯಲ್ಲಿ, ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ ನಿಂತ ನೀರಲ್ಲಿ ಗುಂಪಾಗಿ ಇರ್ತದೆ. ಆ ನೀರು ಬೆಚ್ಚಗೆ, ತುಸು ಹುಳಿ. ಸುಣ್ಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಇದರ ಮರಿ ಸಾಕುವ ರೀತಿ ಕೇಳಿದರೆ ಆಸೆ ಇನ್ನೂ ಹೆಚ್ಚಾಗ್ತದೆ. ತತ್ತಿಯೊಡೆದು ಈಜಾಡಲು ಶುರು ಮಾಡಿದ ಮರಿಗಳು ಅಪ್ಪ ಅವ್ವನ ಮೈಗೆ ಅಂಟಿಕೊಂಡು ಅವುಗಳ ಚರ್ಮದ ಮೇಲಿನ ಲೋಳೆಯನ್ನೇ ತಿಂದು ಬೆಳೀತವೆ. ಒಬ್ಬರಿಗೆ ದಣಿವಾದರೆ ಇನ್ನೊಬ್ಬರ ಮೈಗೆ ಮರಿಗಳನ್ನ ದಾಟಿಸ್ತಾರೆ. ಎರಡು ಮೂರು ವಾರ ಆದಮೇಲೆ ತಾವಾಗಿ ದೂರ ಸರಿದು ಹಾಲು ಬಿಡಿಸ್ತಾರೆ. ಮೀನಿನ ಲೋಕದಲ್ಲಿ ಇಂಥದ್ದು ಬಲು ಅಪರೂಪ.

ಈಗ ಅಂಗಡಿಗೆ ಬರೋ ಡಿಸ್ಕಸ್ ಹೆಚ್ಚಿನವು ಅಮೆಜಾನ್ ನೋಡಿದವಲ್ಲ, ತೊಟ್ಟಿಯಲ್ಲೇ ಹುಟ್ಟಿದವು. ಮಲೇಷ್ಯಾ, ಥಾಯ್ಲೆಂಡ್‌ನಲ್ಲಿ ತಳಿ ಮಾಡ್ತಾರೆ. ನಮ್ಮ ದೇಶದಲ್ಲೂ ಮಾಡ್ತಾರೆ. ಚೆನ್ನೈನ ಕೊಳತ್ತೂರು ಅಲಂಕಾರಿಕ ಮೀನಿಗೆ ಹೆಸರಾದ ಜಾಗ. ನಮ್ಮ ಭಾಗದವರು ಕೊಲ್ಹಾಪುರ, ಮೀರಜ್, ಸಾಂಗಲಿ, ಬೆಳಗಾವಿ ಅಂಗಡಿಗಳಲ್ಲಿ ಹೇಳಿ ತರಿಸ್ತಾರೆ. ತಳಿ ಮತ್ತು ಗಾತ್ರ ನೋಡಿ ಒಂದೊಂದು ಮೀನಿನ ಬೆಲೆ ನೂರರ ಲೆಕ್ಕದಿಂದ ಸಾವಿರದ ಲೆಕ್ಕಕ್ಕೆ ಹೋಗ್ತದೆ. ಒಂದೋ ಎರಡೋ ತಂದರೆ ಆಗೋದಿಲ್ಲ. ಇದು ಗುಂಪಿನ ಮೀನು. ಎರಡಿದ್ದರೆ ಬಲವಾದದ್ದು ಇನ್ನೊಂದನ್ನು ಮೂಲೆಗೆ ತಳ್ಳಿ ಉಪವಾಸ ಕೆಡವುತ್ತದೆ. ಐದಾರಾದರೂ ಬೇಕು.

ಇಲ್ಲಿವರೆಗೆ ಎಲ್ಲರಿಗೂ ಗೊತ್ತು. ಹೆಚ್ಚಿನವರು ಇಲ್ಲಿಗೇ ನಿಂತು ದುಡ್ಡು ಎಣಿಸಲು ಶುರು ಮಾಡ್ತಾರೆ. ನಾನು ಮೊದಲು ನೀರಿನ ಕಡೆ ಹೋದೆ.

ನಮ್ಮ ಐದು ತಾಲ್ಲೂಕಿನ ನೀರು

ನಮ್ಮ ಭಾಗದ ಮನೆಗಳಿಗೆ ನಾಲ್ಕು ನಮೂನೆ ನೀರು ಬರ್ತದೆ: ಕೃಷ್ಣಾ, ದೂಧಗಂಗಾ, ವೇದಗಂಗಾ ಹೊಳೆಗಳ ನಳದ ನೀರು, ಬೋರಿನ ನೀರು, ಘಟಕದಿಂದ ತರುವ 20 ಲೀಟರಿನ ಶುದ್ಧ ನೀರು, ಮತ್ತೆ ಮಳೆ ನೀರು.

ಬೋರಿನ ನೀರಿನಿಂದ ಶುರು ಮಾಡೋಣ. ರಾಯಬಾಗ, ಅಥಣಿ, ಕಾಗವಾಡದ ಕಬ್ಬಿನ ಭೂಮಿಗೆ ವರ್ಷಾನುಗಟ್ಟಲೆ ನೀರು ಹಾಯಿಸಿ ಎಷ್ಟೋ ಎರೆಹೊಲ ಸವಳು-ಜವಳಾಗಿದೆ. ಆ ಉಪ್ಪು ಭೂಮಿ ಮೇಲೆ ಬೆಳ್ಳಗೆ ಕಾಣ್ತದೆ, ಬೋರಿನ ನೀರಲ್ಲಿ ಕಾಣದೆ ಬರ್ತದೆ. ಬಕೆಟ್ಟಿನ ಅಂಚಿನ ಬಿಳಿ ಕಲೆ, ಗಟ್ಟಿಯಾದ ಶವರ್, ನೊರೆ ಬರದ ಸಾಬೂನು ನೋಡಿದರೆ ಸಾಕು. ಅಮೆಜಾನ್ ಮೀನಿಗೆ ಇದು ಬೇರೆ ದೇಶದ ನೀರಲ್ಲ, ಬೇರೆ ಲೋಕದ ನೀರು.

ನೂರಿನ್ನೂರು ರೂಪಾಯಿಗೆ ಟಿಡಿಎಸ್ ಮೀಟರ್ ಸಿಗ್ತದೆ, ಒಂದು ತಗೊಳ್ಳಿ. ನಮ್ಮ ಮನೆಯ ನಳದ ನೀರು 260ರಿಂದ 300ರ ಒಳಗೆ ತೋರಿಸ್ತದೆ. ಅದೇ ಓಣಿಯ ಬೋರು 1,100 ದಾಟ್ತದೆ. ಕುಡಿಯೋ ನೀರಿಗೆ ನಮ್ಮ ದೇಶದ ಮಾನಕ 500. ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ನಡೀತದೆ ಅಂತ ಅದೇ ಮಾನಕ ಹೇಳ್ತದೆ. ಮನುಷ್ಯ ಹೇಗೋ ಹೊಂದಿಕೊಳ್ತಾನೆ. ತೊಟ್ಟಿಯಲ್ಲಿ ಹುಟ್ಟಿದ ಡಿಸ್ಕಸ್ ಕೂಡ ಸ್ವಲ್ಪ ಗಡಸು ನೀರಿಗೆ ಹೊಂದಿಕೊಳ್ತದೆ, 250–300ರ ನಳದ ನೀರಲ್ಲಿ ಸಾಕುವವರು ಬೇಕಾದಷ್ಟು ಜನ ಇದ್ದಾರೆ. ಸಾವಿರ ದಾಟಿದ ಬೋರಿನಲ್ಲಿ ಅದನ್ನ ಇಡುವ ಧೈರ್ಯ ನಾನಂತೂ ಮಾಡೋದಿಲ್ಲ.

ಟಿಡಿಎಸ್‌ಗಿಂತ ಮುಖ್ಯವಾದ ಇನ್ನೊಂದು ಸಂಗತಿ ಪಿಎಚ್. ಮೀನಿನ ಮಲ, ಉಳಿದ ಆಹಾರ ಕೊಳೆತರೆ ಅಮೋನಿಯಾ ಆಗ್ತದೆ. ಈ ಅಮೋನಿಯಾಕ್ಕೆ ಎರಡು ರೂಪ. ಒಂದು ಅಷ್ಟು ಕೆಟ್ಟದ್ದಲ್ಲ, ಇನ್ನೊಂದು ನೇರ ವಿಷ, ಕಿವಿರು ಸುಡ್ತದೆ. ಯಾವುದು ಎಷ್ಟು ಅನ್ನೋದನ್ನ ಪಿಎಚ್ ಮತ್ತು ಬಿಸಿ ತೀರ್ಮಾನ ಮಾಡ್ತವೆ. ಡಿಸ್ಕಸ್ ಇರುವ 29–30 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ನೂರಕ್ಕೆ ಏಳರ ಸುಮಾರು. ಅಂದರೆ ಅದೇ ಮೀನು, ಅದೇ ಆಹಾರ, ಅದೇ ಕಸ, ಆದರೆ ವಿಷ ಎಂಟು-ಹತ್ತು ಪಟ್ಟು. ನಮ್ಮ ಬೋರುಗಳ ಪಿಎಚ್ 8ರ ಆಸುಪಾಸು ಇರೋದು ಸಾಮಾನ್ಯ. "ಎಲ್ಲಾ ಸರಿ ಮಾಡೀನಿ, ಆದ್ರೂ ಮೀನ ಸತ್ತವು" ಅನ್ನುವ ಎಷ್ಟೋ ಮೆಸೇಜುಗಳ ಹಿಂದೆ ಈ ಲೆಕ್ಕ ಇರ್ತದೆ.

ನಳದ ನೀರಿಗೂ ತನ್ನದೇ ತೊಂದರೆ ಇದೆ. ಮೊದಲ ಮಳೆಗೆ ಹೊಳೆ ಕೆಂಪಾಗ್ತದೆ, ಆಗ ನೀರು ಶುದ್ಧ ಮಾಡಲು ಬ್ಲೀಚಿಂಗ್ ಜಾಸ್ತಿ ಬೀಳ್ತದೆ. ಜೂನ್, ಜುಲೈನಲ್ಲಿ ನಳ ಬಿಟ್ಟಾಗ ಮೂಗಿಗೆ ಬಡಿಯೋ ಆ ವಾಸನೆಯೇ ಕ್ಲೋರಿನ್. ಒಂದು ಡ್ರಮ್ಮಿನಲ್ಲಿ ಹಿಡಿದು, ಏರ್ ಪಂಪ್ ಹಾಕಿ ಒಂದು ದಿನ ಬಿಟ್ಟರೆ ಹಾರಿ ಹೋಗ್ತದೆ. ಇಲ್ಲವೇ ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಹನಿ ಸಿಗ್ತದೆ. ನೇರ ನಳದಿಂದ ಪೈಪು ಹಾಕಿ ಟ್ಯಾಂಕಿಗೆ ಬಿಡೋದು ಮಾತ್ರ ಬೇಡ.

ದಿನಕ್ಕೆ ಎಷ್ಟು ಕೊಡ?

ಐದಾರು ಡಿಸ್ಕಸ್‌ಗೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಅಂತ ಇಟ್ಟುಕೊಳ್ಳಿ. ತುಂಬಿದರೆ 255 ಲೀಟರ್. ಮೇಲೆ ನಾಲ್ಕು ಬೆರಳು ಬಿಟ್ಟರೆ ಸುಮಾರು 225. ಬರೀ ನೀರಿನ ಭಾರವೇ ಎರಡೂಕಾಲು ಕ್ವಿಂಟಲ್. ಹಳೆಯ ಮಾಳಿಗೆ ಮನೆಯವರು ಇದನ್ನ ಅಟ್ಟದ ಮೇಲೆ ಇಡುವ ಯೋಚನೆ ಬಿಡಿ, ಕೆಳಗೆ ಗಟ್ಟಿ ನೆಲದ ಮೇಲೆ ಇರಲಿ.

ಎರಡೂವರೆ, ಮೂರು ಇಂಚಿನ ಮರಿ ತಂದರೆ ಅವಕ್ಕೆ ದಿನಕ್ಕೆ ಮೂರು ನಾಲ್ಕು ಸಲ ಊಟ. ಊಟ ಹೆಚ್ಚಾದಷ್ಟೂ ಹೊಲಸು ಹೆಚ್ಚು, ಹಾಗಾಗಿ ದಿನಾ ಮೂವತ್ತು ಪರ್ಸೆಂಟ್ ನೀರು ಬದಲಿಸಬೇಕು. ಅಂದರೆ ದಿನಕ್ಕೆ 70 ಲೀಟರ್ ಹತ್ತಿರ. ನಮ್ಮ ಮನೆಯ ಕೊಡ 12–13 ಲೀಟರಿನದು. ದಿನಕ್ಕೆ ಐದಾರು ಕೊಡ! ತಿಂಗಳಿಗೆ 2,100 ಲೀಟರ್. ಮೀನು ದೊಡ್ಡದಾದ ಮೇಲೆ ವಾರಕ್ಕೆ ಎರಡು ಸಲ ಬದಲಿಸಿದರೂ ನಡೀತದೆ. ಅದಕ್ಕೆ ವರ್ಷದ ಹತ್ತಿರ ಕಾಯಬೇಕು.

ಬೋರಿನ ಮನೆಯವರು ಇಲ್ಲಿ "ಆರ್‌ಓ ಹಾಕಸ್ತೀನಿ" ಅಂತಾರೆ. ಹಾಕಿಸಬಹುದು. ಆದರೆ ಮನೆಯ ಆರ್‌ಓ ಒಂದು ಲೀಟರ್ ಸಿಹಿ ನೀರು ಕೊಡಲು ಎರಡು, ಮೂರು ಲೀಟರ್ ಸವಳು ನೀರು ಹೊರಗೆ ಬಿಡ್ತದೆ. 70 ಲೀಟರ್ ಬೇಕಾದರೆ ದಿನಕ್ಕೆ ಇನ್ನೂರಕ್ಕೂ ಮಿಕ್ಕಿ ನೀರು ಎಳೆಯಬೇಕು. ಹೊರಗೆ ಬಿಟ್ಟದ್ದನ್ನ ನೆಲ ಒರೆಸಲು, ಸಂಡಾಸಿಗೆ ಬಳಸಬಹುದು, ಎಲ್ಲವನ್ನೂ ಅಲ್ಲ. ಇನ್ನೊಂದು ಮಾತು: ಬರೀ ಆರ್‌ಓ ನೀರಲ್ಲಿ ಪಿಎಚ್ ಹಿಡಿದಿಡುವ ಶಕ್ತಿ ಇರೋದಿಲ್ಲ, ದಿಢೀರ್ ಕುಸೀತದೆ. ಮತ್ತೆ ಸ್ವಲ್ಪ ನಳದ್ದೋ ಬೋರಿನದ್ದೋ ಬೆರೆಸಲೇಬೇಕು. ಎಷ್ಟು ಬೆರೆಸಿದ್ದೀರಿ ಅಂತ ಬರೆದಿಟ್ಟು ಪ್ರತಿಸಲ ಅಷ್ಟೇ ಬೆರೆಸಿ. ಡಿಸ್ಕಸ್‌ಗೆ 'ಪರ್ಫೆಕ್ಟ್' ನೀರಿಗಿಂತ ದಿನಾ ಒಂದೇ ತರಹದ ನೀರು ಹೆಚ್ಚು ಬೇಕು.

ಈ ಅಂಕಿಗಳನ್ನ ಏಪ್ರಿಲ್, ಮೇ ತಿಂಗಳ ಪಕ್ಕದಲ್ಲಿ ಇಟ್ಟು ನೋಡಿ. ಕೊಯ್ನಾದಿಂದ ಕೃಷ್ಣೆಗೆ ನೀರು ಬಿಡಿ ಅಂತ ಮಹಾರಾಷ್ಟ್ರಕ್ಕೆ ಪತ್ರ ಬರೆಯುವ ಸುದ್ದಿ ನಮಗೆ ಹೊಸದಲ್ಲ, ಬೇಸಿಗೆ ಬಂದರೆ ಅದೂ ಬರ್ತದೆ. ಹೊಳೆಯಲ್ಲಿ ಮಡುವು ಮಾತ್ರ ಉಳಿದಾಗ ನಳಕ್ಕೆ ಯಾವ ದಿನ ನೀರು ಅಂತ ಯಾರೂ ಹೇಳಲಾರರು. ಹೊಳೆ ತುಂಬಿದಾಗಲೂ ಅದೇ ಕತೆ. 2019ರ ಆಗಸ್ಟ್ ಮಹಾಪೂರ ನೆನಪಿದೆಯಲ್ಲ, ನೀರು ಊರೊಳಗೆ ಬಂದಿತ್ತು, ಕುಡಿಯೋ ನೀರಿಗೆ ಮಾತ್ರ ಟ್ಯಾಂಕರ್ ಕಾಯಬೇಕಿತ್ತು. ಡಿಸ್ಕಸ್ ಇಡುವ ಮನೆಗೆ ವರ್ಷದ ಈ ಎರಡು ಕಾಲಕ್ಕೆ ಕನಿಷ್ಠ ಒಂದು ವಾರದ ನೀರಿನ ಸಂಗ್ರಹ ಇರಬೇಕು. 500 ಲೀಟರಿನ ಬೇರೆ ಟಾಕಿ, ಅದೂ ಮನುಷ್ಯರ ಟಾಕಿ ತುಂಬಿದ ಮೇಲೆ ತುಂಬುವಂಥದ್ದು.

ಓಣಿಯಲ್ಲಿ ಕೊಡದ ಸಾಲು ಇರುವಾಗ ಮೀನಿಗೆ ಐದು ಕೊಡ ಸುರಿಯೋದು ತಪ್ಪೋ ಸರಿಯೋ? ನಾನು ತೀರ್ಪು ಕೊಡೋದಿಲ್ಲ. ಟ್ಯಾಂಕಿನಿಂದ ತೆಗೆದ ನೀರು ಗಿಡಕ್ಕೆ ಒಳ್ಳೆ ಗೊಬ್ಬರ. ಕರಿಬೇವು, ಮಲ್ಲಿಗೆ, ಪೇರಲ ಇರುವ ಮನೆಯಲ್ಲಿ ಹನಿಯೂ ಹಾಳಾಗೋದಿಲ್ಲ. ಗಿಡಕ್ಕೆ ಹೇಗೂ ಹಾಕುವ ನೀರು ಮೀನಿನ ದಾರಿಯಿಂದ ಹೋದರೆ ಲೆಕ್ಕ ಸರಿಹೋಗ್ತದೆ. ಹಿತ್ತಲೇ ಇಲ್ಲದ ಬಾಡಿಗೆ ಮನೆಯಲ್ಲಿ ಅದು ನೇರ ಗಟಾರಕ್ಕೆ. ನಿಮ್ಮದು ಯಾವುದು ಅಂತ ನೀವೇ ನೋಡಿಕೊಳ್ಳಿ.

ಕರೆಂಟು, ಚಳಿ, ಸೆಕೆ

ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಬೇಕು. ಡಿಸೆಂಬರ್‌ನಲ್ಲಿ ನಮ್ಮ ಕಡೆ ಮನೆ ಒಳಗೇ 20ರ ಹತ್ತಿರ ಇಳೀತದೆ. 225 ಲೀಟರಿಗೆ 300 ವ್ಯಾಟಿನ ಹೀಟರ್ ಹಾಕಬೇಕು. ಇದು ಥರ್ಮೋಸ್ಟಾಟ್ ಪ್ರಕಾರ ಆನ್-ಆಫ್ ಆಗೋದರಿಂದ ಚಳಿಗಾಲದಲ್ಲಿ ದಿನಕ್ಕೆ ಎರಡೂವರೆ, ಮೂರು ಯೂನಿಟ್ ಅಂತ ನನ್ನ ಲೆಕ್ಕ. ತಿಂಗಳಿಗೆ 80–90 ಯೂನಿಟ್. ಬಿಲ್ಲು ಕಟ್ಟೋರು ಬೇರೆ ಇದ್ದರೆ ಮೊದಲೇ ಹೇಳಿಬಿಡಿ.

ಕರೆಂಟ್ ಹೋದರೆ ನೀರು ತಕ್ಷಣ ತಣ್ಣಗಾಗ್ತದೆ ಅನ್ನುವ ಭಯ ಬೇಡ. ಇಷ್ಟು ದೊಡ್ಡ ಟ್ಯಾಂಕು ಚಳಿಗಾಲದ ರಾತ್ರಿ ತಾಸಿಗೆ ಅರ್ಧ ಡಿಗ್ರಿ ಇಳಿದೀತು. ಮೂರು ಬದಿಗೆ ಥರ್ಮೋಕೋಲ್ ಹಚ್ಚಿದರೆ ಇನ್ನೂ ನಿಧಾನ. ನಾಲ್ಕು ತಾಸು ಹೋದರೆ ಎರಡು ಡಿಗ್ರಿ, ಅದನ್ನ ಮೀನು ತಾಳಿಕೊಳ್ತದೆ. ನಿಜವಾದ ಅಪಾಯ ಉಸಿರಿನದು. 20 ಡಿಗ್ರಿ ನೀರಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬಿಸಿ ನೀರಲ್ಲಿ ಮೊದಲೇ ಗಾಳಿ ಕಡಿಮೆ, ಅದರಲ್ಲಿ ಪಂಪೂ ನಿಂತರೆ ಮೀನು ಮೇಲೆ ಬಂದು ಬಾಯಿ ತೆಗೀತದೆ. ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾಕ್ಕೂ ಅದೇ ಗಾಳಿ ಬೇಕು. ಹಾಗಾಗಿ ಇನ್‌ವರ್ಟರಿಗೆ ಹೀಟರ್ ಜೋಡಿಸಿ ಬ್ಯಾಟರಿ ಖಾಲಿ ಮಾಡಬೇಡಿ. ಐದು ವ್ಯಾಟಿನ ಏರ್ ಪಂಪ್ ಒಂದನ್ನ ಜೋಡಿಸಿ, ರಾತ್ರಿ ಪೂರ್ತಿ ನಡೀತದೆ.

ಮೇ ತಿಂಗಳಲ್ಲಿ ಉಲ್ಟಾ. ಅಥಣಿ, ರಾಯಬಾಗದ ಪತ್ರಾಸ್ ಮನೆಯಲ್ಲಿ ನೀರೇ 33–34 ಮುಟ್ಟಬಹುದು. ಆಗ ಮೇಲೆ ಫ್ಯಾನ್ ಬೀಸಬೇಕು, ಗಾಳಿ ಹೆಚ್ಚಿಸಬೇಕು, ಊಟ ಕಡಿಮೆ ಮಾಡಬೇಕು.

ಮನೆಯವರ ಮಾತು

ನೀರು, ಕರೆಂಟು ಹೊಂದಿಸಿದ ಮೇಲೂ ಒಂದು ಪ್ರಶ್ನೆ ಉಳೀತದೆ, ಅದು ಯಾವ ಯೂಟ್ಯೂಬ್ ವಿಡಿಯೋದಲ್ಲೂ ಬರೋದಿಲ್ಲ. ಮನೆಯಲ್ಲಿ ಯಾರಿರ್ತಾರೆ?

ನನ್ನ ಕೆಲಸ ಪುಣೆಯ ಕಂಪನಿಯಲ್ಲಿ. ತಿಂಗಳಿಗೆ ಎರಡು ವಾರ ಆಫೀಸು, ಎರಡು ವಾರ ಚಿಕ್ಕೋಡಿಯಿಂದ ಲ್ಯಾಪ್‌ಟಾಪ್. ಈಗಿರುವ ಎರಡಡಿ ಟ್ಯಾಂಕಿನ ಗಪ್ಪಿಗಳಿಗೆ ನಾನಿಲ್ಲದಾಗ ಅವ್ವ ಒಂದು ಚಿಟಿಕೆ ಊಟ ಹಾಕ್ತಾಳೆ, ಅಷ್ಟೇ ಸಾಕು. ಡಿಸ್ಕಸ್ ಫೋಟೋ ತೋರಿಸಿ, ಕೊಡದ ಲೆಕ್ಕವನ್ನೂ ಹೇಳಿ ಅವಳನ್ನ ಕೇಳಿದೆ. ಫೋನು ಹತ್ತಿರ ಹಿಡಿದು ಬಾಳ ಹೊತ್ತು ನೋಡಿದಳು.

"ಮೀನ ಚಂದ ಅದಾವಪಾ. ಆದ್ರ ನೀ ಸೋಮವಾರ ಪುಣೆಕ್ಕ ಹೋಗ್ತಿ, ಮೀನ ಇಲ್ಲೇ ಇರ್ತಾವ."

"ಪೈಪ್ ಹಚ್ಚಿಕೊಡ್ತೇನಿ ಅವ್ವಾ, ಕೊಡ ಹೊರೂದು ಬ್ಯಾಡ."

"ಪೈಪ್ ಹಚ್ಚು. ನಳ ಬರೂದು ನಸಿಕ್ಲೆ ನಾಕಕ್ಕ. ನನ್ನ ಮೊಣಕಾಲ ನಿನಗ ಗೊತ್ತೈತಿ. ಮಾಡಂಗಿಲ್ಲ ಅನ್ನಂಗಿಲ್ಲ ನಾ. ಒಂದು ದಿನ ಆಗ್ಲಿಲ್ಲ ಅಂದ್ರ, ಮೀನ ಸತ್ರ, ಅದು ನನ್ನ ಕೈಯಾಗ ಸತ್ತಂಗ ಆಕ್ಕೈತಿ. ಅದನ್ನ ಯೋಚನಿ ಮಾಡು."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹವ್ಯಾಸ ನನ್ನದು, ಪಾಪಪ್ರಜ್ಞೆ ಅವಳದು ಆಗುವ ಹಾಗಿದ್ದರೆ ಅದು ಯಾವ ನ್ಯಾಯ?

ಊಟದ ಮಾತೂ ಬರ್ತದೆ. ಹೊರದೇಶದ ಸಾಕಣೆದಾರರು ಡಿಸ್ಕಸ್‌ಗೆ ದನದ ಹೃದಯದ ಮಾಂಸ ಅರೆದು ಹಾಕೋದು ಹಳೆಯ ರೂಢಿ. ನಮ್ಮ ಭಾಗದ ಲಿಂಗಾಯತ, ಜೈನ ಮನೆಗಳಲ್ಲಿ ಆ ಮಾತು ಎತ್ತುವ ಹಾಗೇ ಇಲ್ಲ. ಅದಿಲ್ಲದೆಯೂ ಸಾಕಬಹುದು. ಒಳ್ಳೆಯ ಕಾಳಿನ ಆಹಾರ, ಸಿಗಡಿ ಮಿಶ್ರಣ, ಬ್ಲಡ್‌ವರ್ಮ್ ಎಂಬ ಕೆಂಪು ಹುಳುವಿನ ಕ್ಯೂಬ್ ಸಿಗ್ತವೆ. ಆದರೆ ಆ ಕ್ಯೂಬ್ ಇಡೋದು ಫ್ರೀಜರಿನಲ್ಲಿ, ಬೆಣ್ಣೆ ಡಬ್ಬಿಯ ಪಕ್ಕ. ಕದ್ದು ಇಟ್ಟು ಜಗಳ ತರೋದಕ್ಕಿಂತ ಮುಂಚೆಯೇ ಕೇಳಿ. ಕೆಲವು ಮನೆಗಳು ಒಪ್ಪುತ್ತವೆ. ಒಪ್ಪದಿದ್ದರೆ ಕಾಳಿನ ಆಹಾರಕ್ಕೆ ಪಳಗಿದ ಮೀನನ್ನೇ ಹುಡುಕಿ ತರಬೇಕು, ಅಂಗಡಿಯಲ್ಲಿ ನಿಮ್ಮ ಕಣ್ಣೆದುರೇ ಅದು ಕಾಳು ತಿನ್ನೋದನ್ನ ನೋಡಬೇಕು.

ನಿಪ್ಪಾಣಿಯವರಿಗೆ ಒಂದು ವಿಶೇಷ ಸೂಚನೆ. ತಂಬಾಕು ಹದ ಮಾಡುವ, ಬೀಡಿ ಕಟ್ಟುವ ಮನೆಗಳಲ್ಲಿ ಆ ಕೈ ಟ್ಯಾಂಕಿಗೆ ಹೋಗಬಾರದು. ನಿಕೋಟಿನ್ ಮೀನಿಗೆ ವಿಷ. ಕೆರೆಯ ಬೇಡದ ಜೀವ ಕೊಲ್ಲಲು ತಂಬಾಕಿನ ಪುಡಿ ಹಾಕುವ ಪದ್ಧತಿಯೇ ಉಂಟು. ಹೊಲದಲ್ಲಿ ಔಷಧಿ ಹೊಡೆದು ಬಂದವರ ಕೈಗೂ ಇದೇ ಮಾತು. ಸೊಳ್ಳೆಗೆ ಹಚ್ಚುವ ಲಿಕ್ವಿಡ್ ಮಷಿನ್, ಕಾಯಿಲ್, ಸ್ಪ್ರೇಗಳಲ್ಲಿ ಇರೋದು ಪೈರೆಥ್ರಾಯ್ಡ್ ಜಾತಿಯ ಔಷಧಿ. ನಮಗೆ ಅಷ್ಟೇನೂ ಆಗದಿದ್ದರೂ ಮೀನಿಗೆ ತುಂಬಾ ಕೆಟ್ಟದ್ದು. ಟ್ಯಾಂಕ್ ಇರುವ ಕೋಣೆಗೆ ಸೊಳ್ಳೆ ಪರದೆಯೇ ಸರಿ.

ನಡೆಸಿ ತೋರಿಸಿದವರು

ಹಾಗಾದರೆ ನಮ್ಮ ಕಡೆ ಯಾರೂ ಇಡಬಾರದಾ? ಇಡಬಹುದು. ನಿಪ್ಪಾಣಿಯಲ್ಲಿ ನನಗೆ ಪರಿಚಯದ ಒಬ್ಬ ನಿವೃತ್ತ ಮಾಸ್ತರರು ಮೂರು ವರ್ಷದಿಂದ ಆರು ಡಿಸ್ಕಸ್ ಸಾಕಿದ್ದಾರೆ. ಸಹ್ಯಾದ್ರಿಯ ಹತ್ತಿರ ಇರೋದರಿಂದ ನಿಪ್ಪಾಣಿಗೆ ಅಥಣಿಗಿಂತ ಮಳೆ ಚೆನ್ನಾಗಿ ಬೀಳ್ತದೆ. ಅವರು ಆರ್‌ಸಿಸಿ ಮಾಳಿಗೆಯ ನೀರನ್ನ, ಮೊದಲ ಎರಡು ಮಳೆ ಬಿಟ್ಟು, ಜಾಳಿಗೆ ಹಾಕಿ ನೆಲದೊಳಗಿನ ಟಾಕಿಗೆ ಇಳಿಸಿಕೊಂಡಿದ್ದಾರೆ. ಮಳೆ ನೀರಿನಷ್ಟು ಮೆತ್ತನೆ ನೀರು ಬೇರೆ ಇಲ್ಲ. ಅದನ್ನ ಅರ್ಧಕ್ಕರ್ಧ ನಳದ ನೀರಿಗೆ ಬೆರೆಸ್ತಾರೆ. ಟ್ಯಾಂಕಿನ ತಳದಲ್ಲಿ ಕಲ್ಲಿಲ್ಲ, ಉಸುಕಿಲ್ಲ, ಬರೀ ಗಾಜು. ಹೊಲಸು ಕಂಡ ಕೂಡಲೇ ಪೈಪಿನಿಂದ ಎಳೀತಾರೆ. ತೆಗೆದ ನೀರು ಹಿತ್ತಲಿನ ತೆಂಗಿಗೆ.

"ಸರ್, ದಿನಾ ಎಷ್ಟು ಹೊತ್ತು ಹೋಗ್ತದ?" ಅಂತ ಕೇಳಿದೆ.

"ಮುಂಜಾನೆ ಅರ್ಧ ತಾಸು, ಸಂಜೀಕ ಅರ್ಧ ತಾಸು. ಆಮ್ಯಾಲ ಸುಮ್ಮನ ನೋಡ್ಕೊಂತ ಕುಂದ್ರೂದು, ಅದಕ್ಕ ಲೆಕ್ಕ ಇಲ್ಲ. ನಾ ಮೀನ ಸಾಕೂದಿಲ್ಲ ತಮ್ಮಾ, ನೀರ ಸಾಕತೇನಿ. ಸಾಲಿ ಬಿಟ್ಟ ಮ್ಯಾಲ ಒಂದು ಕೆಲಸ ಬೇಕಿತ್ತು ನನಗ."

ಅವರ ಹತ್ತಿರ ಇರೋದು ಹೆಚ್ಚಿನ ದುಡ್ಡಲ್ಲ. ಮಳೆ ನೀರು, ನೆಲದೊಳಗಿನ ಟಾಕಿ, ತೆಂಗು, ಮತ್ತೆ ಇಡೀ ದಿನ. ಈ ನಾಲ್ಕರಲ್ಲಿ ಮೂರಾದರೂ ನಿಮ್ಮಲ್ಲಿದ್ದರೆ ಧೈರ್ಯ ಮಾಡಬಹುದು.

ಮೂವತ್ತು ದಿನ ಬರೀ ನೀರು

ಇನ್ನೂ ಅನುಮಾನ ಇದ್ದರೆ ನಾನು ಮಾಡಿದ್ದನ್ನ ಮಾಡಿ. ಮೀನು ತರಬೇಡಿ, ಮೀನು ಇದೆ ಅಂತ ತಿಳಿದು ಒಂದು ತಿಂಗಳು ನಡೆದುಕೊಳ್ಳಿ. ಅದೂ ಆರಾಮದ ತಿಂಗಳಲ್ಲ, ಏಪ್ರಿಲ್ ಅಥವಾ ಡಿಸೆಂಬರ್.

ಟ್ಯಾಂಕ್ ಇನ್ನೂ ಕೊಂಡಿಲ್ಲದಿದ್ದರೂ ಪರವಾಗಿಲ್ಲ, ಒಂದು ಡ್ರಮ್ ಸಾಕು. ದಿನಾ 70 ಲೀಟರ್ ನೀರು ಹಿಡಿದು ಒಂದು ದಿನ ಇಟ್ಟು, ಮರುದಿನ ಗಿಡಕ್ಕೆ ಹಾಕಿ. ದಿನಾ ಟಿಡಿಎಸ್ ನೋಡಿ, ಎರಡು ದಿನಕ್ಕೊಮ್ಮೆ ಪಿಎಚ್ ನೋಡಿ, ಫೋನಿನ ನೋಟ್ಸಿನಲ್ಲಿ ಬರೀರಿ. ಕರೆಂಟ್ ಹೋದದ್ದು, ನಳ ಬಾರದ ದಿನ, ನೀವು ಊರಲ್ಲಿಲ್ಲದ ದಿನ ಮೂರನ್ನೂ ಬರೆದಿಡಿ. ನೀವು ಇಲ್ಲದ ದಿನ ಆ ಕೆಲಸ ಯಾರು ಮಾಡಿದರು ಅನ್ನೋದು ತಪ್ಪದೆ ಬರಲಿ.

ಟ್ಯಾಂಕ್ ಇದ್ದರೆ ಅದೇ ಹೊತ್ತಿನಲ್ಲಿ ಫಿಲ್ಟರ್ ಓಡಿಸಿ, ಚಿಟಿಕೆ ಆಹಾರ ಹಾಕ್ತಾ ಬನ್ನಿ. ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನ ಕಡಿಮೆ ಕೆಡುಕಿನ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಸಲು ನಾಲ್ಕರಿಂದ ಆರು ವಾರ ಹೇಗೂ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಡಿಸ್ಕಸ್ ಮಾತು ಬೇಡ.

ನಾನು ಏಪ್ರಿಲ್‌ನಲ್ಲಿ ಮಾಡಿದೆ. ಮೂವತ್ತರಲ್ಲಿ ಹನ್ನೆರಡು ದಿನ ನಾನು ಪುಣೆಯಲ್ಲಿದ್ದೆ. ಆ ಹನ್ನೆರಡರಲ್ಲಿ ಐದು ದಿನ ನಳ ಬರಲಿಲ್ಲ. ಉಳಿದ ಏಳು ದಿನ ಡ್ರಮ್ ತುಂಬಿದವಳು ಅವ್ವ, ಒಪ್ಪಿಕೊಂಡೇ ತುಂಬಿದ್ದಳು. ಕೊನೆಗೆ ನೋಟ್ಸ್ ತೆರೆದು ಅವಳ ಎದುರೇ ಓದಿದೆ. ಅವಳು ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಹೀಗಾಗಿ ನನ್ನ ಉತ್ತರ: ಈ ವರ್ಷ ಇಲ್ಲ. ಪೂರ್ತಿ ಊರಿಂದಲೇ ಕೆಲಸ ಮಾಡುವ ದಿನ ಬಂದು, ಮಾಳಿಗೆ ನೀರಿನ ಟಾಕಿ ಕಟ್ಟಿಸಿದ ಮೇಲೆ ಮತ್ತೆ ಈ ಲೆಕ್ಕ ಹಾಕ್ತೇನೆ.

'ಇಲ್ಲ' ಅಂತಾದರೆ ಏನಿಡಬೇಕು

ಟ್ಯಾಂಕ್ ಖಾಲಿ ಇಡಬೇಕಂತಿಲ್ಲ. ಮೀನಿಗೆ ತಕ್ಕ ನೀರು ಮಾಡುವ ಬದಲು ನಿಮ್ಮ ನೀರಿಗೆ ತಕ್ಕ ಮೀನು ಹುಡುಕಿ. ಅಥಣಿ, ಕಾಗವಾಡದ ಗಡಸು ಬೋರಿನ ನೀರು ಮೋಲಿ, ಪ್ಲ್ಯಾಟಿ, ಗಪ್ಪಿಗೆ ಖುಷಿಯೇ. ಬಣ್ಣ ಬೇಕು, ದೊಡ್ಡ ಮೀನು ಬೇಕು ಅನ್ನುವವರಿಗೆ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಿವೆ. ಇವು ಡಿಸ್ಕಸ್‌ನ ದೂರದ ಬಂಧುಗಳು, ಅವುಗಳ ಊರಿನ ನೀರೇ ಗಡಸು, ಪಿಎಚ್ ಎಂಟರ ಮೇಲೆ ಕೆಳಗೆ. ಡಿಸ್ಕಸ್‌ಗೆ ಶಾಪವಾದ ನೀರು ಇವಕ್ಕೆ ವರ. ಉಪ್ಪು ಹೆಚ್ಚಾದ ಬೋರಾದರೆ ಇವನ್ನೂ ಎರಡು ಮೂರು ತಂದು ನೋಡಿ ಆಮೇಲೆ ಹೆಚ್ಚಿಸಿ. ನಳದ ನೀರಿನ ಚಿಕ್ಕೋಡಿ, ನಿಪ್ಪಾಣಿಯಲ್ಲಿ ಏಂಜಲ್ ಚೆನ್ನಾಗಿ ಬದುಕ್ತದೆ, ದುಂಡು ಚಂದದಲ್ಲಿ ಡಿಸ್ಕಸ್‌ಗೆ ಹತ್ತಿರದ್ದು. ಅದಕ್ಕೂ ಬೆಚ್ಚನೆ ನೀರು ಬೇಕು, ಆದರೆ 25–26 ಸಾಕು, ವಾರಕ್ಕೊಮ್ಮೆ ನೀರು ಬದಲಿಸಿದರೆ ಸಾಕು.

'ಹೌದು' ಅಂತಾದವರು ಅಂಗಡಿಯಲ್ಲಿ ಇಷ್ಟು ನೋಡಿ. ಮೈ ದುಂಡಗಿರಲಿ. ಮೈಗೆ ಹೋಲಿಸಿದರೆ ಕಣ್ಣು ತೀರ ದೊಡ್ಡದಾಗಿ ಕಂಡರೆ ಅದು ಬೆಳವಣಿಗೆ ಕುಂಠಿತವಾದ ಮೀನು. ಮೈ ಕಪ್ಪಾಗಿ ಮೂಲೆ ಹಿಡಿದದ್ದು, ಬಿಳಿ ದಾರದಂತೆ ಮಲ ಬಿಡುವುದು ಬೇಡ. ಒಂದೂವರೆ ಇಂಚಿನ ಮರಿಗೆ ದೊಡ್ಡವರ ಹಾಗೆ ಝಗಮಗ ಬಣ್ಣ ಇದ್ದರೆ ಹಾರ್ಮೋನ್ ತಿನ್ನಿಸಿರಬಹುದು ಅಂತ ಅನುಮಾನಿಸಿ. ಆರನ್ನೂ ಒಂದೇ ಕಡೆಯಿಂದ, ಒಂದೇ ದಿನ ತನ್ನಿ. ಬೇರೆ ಬೇರೆ ಕಡೆಯದನ್ನ ಬೆರೆಸಿದರೆ ಒಂದರ ರೋಗ ಇನ್ನೊಂದಕ್ಕೆ ಹತ್ತುತ್ತದೆ.

ಇನ್ನು ಇಟ್ಟ ಮೇಲೆ ಆಗೋದಿಲ್ಲ ಅನ್ನಿಸಿದರೆ? ಕೊಂಡ ಅಂಗಡಿಗೋ, ಸಾಕುವ ಇನ್ನೊಬ್ಬರಿಗೋ ಕೊಡಿ. ಪುಣ್ಯ ಬರ್ತದೆ ಅಂತ ಕೃಷ್ಣೆಗೆ ಬಿಡಬೇಡಿ. ಡಿಸ್ಕಸ್ ನಮ್ಮ ಚಳಿಗೆ ಸಾಯ್ತದೆ, ಬೇರೆ ಮೀನುಗಳು ಸಾಯೋದಿಲ್ಲ. 1952ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯಾ ಇವತ್ತು ಹೊಳೆ, ಕೆರೆ ಎಲ್ಲಾ ಕಡೆ ತುಂಬಿಕೊಂಡು ನಮ್ಮ ಮೀನುಗಳ ಜಾಗ ತಿಂದಿದೆ. ಟ್ಯಾಂಕಿನ ಗಾಜು ತಿಕ್ಕಲು ತರುವ ಸಕ್ಕರ್ ಮೀನು ದೇಶದ ಎಷ್ಟೋ ನದಿಗಳಲ್ಲಿ ಅದೇ ಕೆಲಸ ಶುರು ಮಾಡಿದೆ.

ಮೂವತ್ತು ದಿನದ ನೋಟ್ಸ್ ಮಾಡಿದವರು ನನಗೂ ಕಳಿಸಿ. ಊರ ಹೆಸರು, ಯಾವ ನೀರು, ಟಿಡಿಎಸ್ ಎಷ್ಟು, ನಳ ಬಾರದ ದಿನ ಎಷ್ಟು ಅಂತ ನಾಲ್ಕು ಸಾಲು ಸಾಕು. ಐದೂ ತಾಲ್ಲೂಕಿನಿಂದ ಬಂದರೆ ಒಟ್ಟು ಮಾಡಿ ಇಲ್ಲೇ ಹಾಕ್ತೇನೆ, ಮುಂದೆ ಕೇಳುವವರಿಗೆ ಉಪಯೋಗ ಆಗ್ತದೆ. ಮುಂದಿನ ವಾರ ಮಳೆಗಾಲಕ್ಕೆ ಮುಂಚೆ ಮಾಳಿಗೆ ನೀರು ಹಿಡಿಯುವ ಸರಳ ವ್ಯವಸ್ಥೆಯ ಬಗ್ಗೆ ಬರೀತೇನೆ. ಮೀನು ಇಲ್ಲದವರಿಗೂ ಅದು ಬೇಕಾಗುವಂಥದ್ದೇ.